ಫ್ರೀ ಲಾಯರ್ ಯಾರಿಗೆ ಸಿಗತ್ತೆ, ಯಾರು ಹೊರಗೆ ಉಳೀತಾರೆ

ಸರ್ಕಾರದ ಖರ್ಚಲ್ಲಿ ಲಾಯರ್ ಕೊಡ್ತಾರೆ ಅಂದ್ರೆ ಜನ ಮೊದಲು ಕೇಳೋದೇ "ಬಿಪಿಎಲ್ ಕಾರ್ಡ್ ಇರ್ಬೇಕಲ್ವಾ" ಅಂತ. ಬೇಡ. ಇನ್ನು ಕೆಲವರ ಪ್ರಕಾರ ಇದು ಜೈಲಲ್ಲಿ ಇರೋರಿಗೆ ಮಾತ್ರ, ಅದೂ ಸರಿಯಲ್ಲ. ಈಚೆಗೆ ಮೂರನೇ ಥರದೋರು ಜಾಸ್ತಿ ಆಗಿದ್ದಾರೆ, ಎಲ್ಲಾ ಹೆಂಗಸರಿಗೇ ಕೊಡ್ತಾರೆ ಗಂಡಸರು ಹಾಳಾಗಿ ಹೋಗ್ಲಿ ಅಂತ ಮಾಡಿರೋ ಕಾನೂನು ಇದು ಅಂತ ಸಿಟ್ಟಲ್ಲಿ ಬರೆಯೋರು. ಅವರ ಮಾತಲ್ಲಿ ಕಾಲು ಭಾಗ ನಿಜ ಇದೆ, ಮುಕ್ಕಾಲು ಭಾಗ ಇಲ್ಲ, ಅದಕ್ಕೆ ಆಮೇಲೆ ಬರ್ತೀನಿ. ಈ ಮೂರೂ ಥರದೋರು ಕಾಯ್ದೆಯ ಒಂದೇ ಒಂದು ಸೆಕ್ಷನ್ ಓದಿದ್ರೆ ಗೊಂದಲ ಅರ್ಧ ಕಮ್ಮಿ ಆಗತ್ತೆ. ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ, 1987, ಅದರ 12ನೇ ಸೆಕ್ಷನ್.

ಹಿನ್ನೆಲೆ ಚಿಕ್ಕದಾಗಿ ಹೇಳ್ಬಿಡ್ತೀನಿ. 1976ರ 42ನೇ ತಿದ್ದುಪಡಿಯಲ್ಲಿ ಸಂವಿಧಾನಕ್ಕೆ 39ಎ ವಿಧಿ ಸೇರಿತು, ದುಡ್ಡಿಲ್ಲ ಅಥವಾ ಬೇರೆ ಏನೋ ಅಡಚಣೆ ಇದೆ ಅನ್ನೋ ಕಾರಣಕ್ಕೆ ಯಾರಿಗೂ ನ್ಯಾಯ ತಪ್ಪಬಾರದು, ಅದಕ್ಕೆ ಸರ್ಕಾರ ಉಚಿತ ಕಾನೂನು ನೆರವು ಕೊಡ್ಬೇಕು ಅಂತ. "ಬೇರೆ ಅಡಚಣೆ" ಅನ್ನೋದನ್ನ ನೆನಪಲ್ಲಿ ಇಟ್ಕೊಳ್ಳಿ, ಇಡೀ ವಿಷಯ ನಿಂತಿರೋದು ಅದರ ಮೇಲೆ. ಕಾಯ್ದೆ ಪಾಸಾಗಿದ್ದು 1987ರಲ್ಲಿ, ಜಾರಿಗೆ ಬಂದಿದ್ದು 1995ರ ನವೆಂಬರ್ 9ಕ್ಕೆ, ಅಂದ್ರೆ ಎಂಟು ವರ್ಷ ಅದು ಪುಸ್ತಕದಲ್ಲೇ ಇತ್ತು. ಪ್ರತಿ ವರ್ಷ ನವೆಂಬರ್ 9ಕ್ಕೆ ಕಾನೂನು ಸೇವಾ ದಿನ ಅಂತ ಬ್ಯಾನರ್ ಕಟ್ಟಿ ಭಾಷಣ ಮಾಡೋದು ಇದಕ್ಕೇ.

ಈಗ 12ನೇ ಸೆಕ್ಷನ್‌ಗೆ ಬರೋಣ. ಅದರಲ್ಲಿ ಎಂಟು ಬಾಬ್ತು ಇದೆ, ಎಂಟೂ ಒಂದಕ್ಕೊಂದು "ಅಥವಾ" ಲೆಕ್ಕ. ಎಂಟರಲ್ಲಿ ಯಾವುದಾದ್ರೂ ಒಂದಕ್ಕೆ ನೀವು ಹೊಂದಿದ್ರೆ ಸಾಕು. ಪರಿಶಿಷ್ಟ ಜಾತಿ ಅಥವಾ ಪರಿಶಿಷ್ಟ ಪಂಗಡದವರು, ಮಾನವ ಸಾಗಣೆಗೆ ಅಥವಾ ಜೀತಕ್ಕೆ ಸಿಕ್ಕಿದವರು, ಹೆಂಗಸರು ಮತ್ತು ಮಕ್ಕಳು, ಅಂಗವಿಕಲರು, ಮಾನಸಿಕ ಕಾಯಿಲೆ ಇರೋರೂ ಸೇರಿ, ದೊಡ್ಡ ದುರಂತ, ಜನಾಂಗೀಯ ಗಲಭೆ, ಜಾತಿ ದೌರ್ಜನ್ಯ, ಪ್ರವಾಹ, ಬರ, ಭೂಕಂಪ, ಕಾರ್ಖಾನೆ ದುರಂತ ಇಂಥದ್ದಕ್ಕೆ ಸಿಕ್ಕಿ ತಮ್ಮ ತಪ್ಪಿಲ್ಲದೆ ಕಷ್ಟಕ್ಕೆ ಬಿದ್ದವರು, ಕೈಗಾರಿಕಾ ಕಾರ್ಮಿಕರು, ಕಸ್ಟಡಿಯಲ್ಲಿ ಇರೋರು, ಕೊನೆಗೆ, ವಾರ್ಷಿಕ ಆದಾಯ ಇಂತಿಷ್ಟಕ್ಕಿಂತ ಕಮ್ಮಿ ಇರೋರು. ಗಮನಿಸಿ, ಆದಾಯದ ಮಾತು ಬರೋದು ಕೊನೇ ಬಾಬ್ತಲ್ಲಿ ಮಾತ್ರ. ಉಳಿದ ಏಳಕ್ಕೂ ನಿಮ್ಮ ಸಂಬಳ ಎಷ್ಟು, ಮನೆ ಸ್ವಂತದ್ದಾ ಬಾಡಿಗೇದಾ ಅಂತ ಕಾಯ್ದೆ ಕೇಳೋದೇ ಇಲ್ಲ.

ನಾಗರಿಕ ಆಗಿರ್ಬೇಕು ಅಂತಾನೂ ಹೇಳಿಲ್ಲ, "ಪ್ರತಿಯೊಬ್ಬ ವ್ಯಕ್ತಿ" ಅಂತ ಇದೆ. ಮುಂಬೈ ದಾಳಿಯ ಕಸಬ್‌ಗೂ ಸರ್ಕಾರದ ಖರ್ಚಲ್ಲೇ ವಕೀಲರು ವಾದ ಮಾಡಿದ್ರು, ಆಗ ಅದಕ್ಕೆ ಬೈದವರು ಕಮ್ಮಿ ಇಲ್ಲ. ಆದ್ರೆ ಆ ಕೇಸಲ್ಲೇ 2012ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮಾತು ಇವತ್ತು ನಮ್ಮ ನಿಮ್ಮಂಥೋರಿಗೂ ಉಪಯೋಗಕ್ಕೆ ಬರತ್ತೆ: ಬಂಧಿಸಿದವರನ್ನ ಮೊದಲ ಸಲ ಮ್ಯಾಜಿಸ್ಟ್ರೇಟ್ ಮುಂದೆ ತಂದು ನಿಲ್ಲಿಸಿದಾಗಲೇ, ನಿಂಗೆ ವಕೀಲರನ್ನ ಇಟ್ಕೊಳ್ಳೋ ಹಕ್ಕಿದೆ, ದುಡ್ಡಿಲ್ಲ ಅಂದ್ರೆ ಸರ್ಕಾರ ಕೊಡತ್ತೆ ಅಂತ ಮ್ಯಾಜಿಸ್ಟ್ರೇಟೇ ತಿಳಿಸ್ಬೇಕು.

ಹೆಂಗಸರ ವಿಷಯ. ಹೌದು, ಹೆಣ್ಣು ಅನ್ನೋದೊಂದೇ ಅರ್ಹತೆ ಸಾಕು, ಆದಾಯ ನೋಡಲ್ಲ. ತಿಂಗಳಿಗೆ ಲಕ್ಷ ಸಂಬಳ ತಗೊಳ್ಳೋ ಹೆಂಡತಿಗೂ ಫ್ರೀ ಲಾಯರ್, ಮೂವತ್ತು ಸಾವಿರ ದುಡಿಯೋ ಗಂಡ ಮಾತ್ರ ಕೈಯಿಂದ ಹಾಕ್ಬೇಕು ಅನ್ನೋ ಪರಿಸ್ಥಿತಿ ಕಾಗದದ ಮೇಲೆ ಸಾಧ್ಯ ಇದೆ, ಸಿಟ್ಟಿನೋರ ಮಾತಲ್ಲಿ ನಿಜ ಇರೋ ಕಾಲು ಭಾಗ ಇದೇ. ಆದ್ರೆ ಲಕ್ಷ ಸಂಬಳದೋರು ಸಾಮಾನ್ಯವಾಗಿ ತಮಗೆ ಬೇಕಾದ ಲಾಯರನ್ನ ತಾವೇ ಹಿಡೀತಾರೆ, ನೆರವು ಕೊಡೋ ಕಾನೂನು ಸೇವಾ ಪ್ರಾಧಿಕಾರ ಇಟ್ಕೊಂಡಿರೋ ವಕೀಲರ ಪಟ್ಟಿಯಲ್ಲಿ, ಅಂದ್ರೆ ಪ್ಯಾನಲಲ್ಲಿ, ಸಿಕ್ಕಿದೋರನ್ನ ಒಪ್ಕೊಂಡು ಕೂರಲ್ಲ. ಆದಾಯ ನೋಡದೇ ಇರೋ ನಿಯಮ ನಿಜವಾಗ್ಲೂ ಕೆಲಸಕ್ಕೆ ಬರೋದು ಬೇರೆ ಕಡೆ.

ಒಂದು ಪಾಲಿನ ಕೇಸ್ ತಗೊಳ್ಳಿ. ಅಪ್ಪನ ಹೆಸರಲ್ಲಿ ನಾಲ್ಕು ಎಕರೆ ಪಿತ್ರಾರ್ಜಿತ ಜಮೀನು, ಅಪ್ಪ ಹೋದ್ಮೇಲೆ ಅಣ್ಣ ಪೌತಿ ಖಾತೆ ಮಾಡಿಸಿ ಪಹಣಿಯಲ್ಲಿ ತನ್ನ ಹೆಸರು ಕೂರಿಸ್ಕೊಂಡಿದ್ದಾನೆ, ಮದುವೆ ಆಗಿ ಹೋದ ತಂಗಿ ಕೇಳಿದ್ರೆ "ನಿಂಗೆ ಮದುವೇಲೇ ಕೊಟ್ಟಾಯ್ತಲ್ಲ" ಅಂತಾನೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಆದ್ಮೇಲೆ ಮಗಳಿಗೂ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು, 2020ರಲ್ಲಿ ವಿನೀತಾ ಶರ್ಮಾ ಕೇಸಲ್ಲಿ ಸುಪ್ರೀಂ ಕೋರ್ಟ್ ಅದನ್ನ ಇನ್ನೂ ಖಚಿತ ಮಾಡಿದೆ, ಹಾಗಾಗಿ ಹಕ್ಕಿನ ಬಗ್ಗೆ ಡೌಟ್ ಇಲ್ಲ. ಡೌಟ್ ಇರೋದು ಕೇಸ್ ಹಾಕೋಕೆ ದುಡ್ಡು ಎಲ್ಲಿಂದ ಅನ್ನೋದು. ಕರ್ನಾಟಕದ ಕೋರ್ಟ್ ಫೀ ಕಾಯ್ದೆ ಪ್ರಕಾರ ನಾನೂ ಜಂಟಿಯಾಗಿ ಸ್ವಾಧೀನದಲ್ಲಿ ಇದ್ದೀನಿ ಅಂದ್ರೆ ವಿಭಾಗ ದಾವೆಗೆ ಜುಜುಬಿ ನಿಗದಿತ ಫೀ, ಆದ್ರೆ ನನ್ನನ್ನ ಜಮೀನಿಂದ ಹೊರಗೆ ಹಾಕಿದ್ದಾರೆ ಅಂದ್ರೆ ಅವಳ ಪಾಲಿನ ಮಾರ್ಕೆಟ್ ಬೆಲೆ ಮೇಲೆ ಫೀ ಕಟ್ಬೇಕು. ಅಂದ್ರೆ ಜಾಸ್ತಿ ಅನ್ಯಾಯ ಆದೋಳಿಗೇ ಜಾಸ್ತಿ ಫೀ! ಅವಳ ಗಂಡನ ಮನೆ ಚೆನ್ನಾಗೇ ಇರ್ಬಹುದು, ಗಂಡನಿಗೆ ಕಾಂಪ್ಲೆಕ್ಸೇ ಇರ್ಬಹುದು, ಆದ್ರೆ ಅವಳ ಕೈಯಲ್ಲಿ ಒಂದು ರೂಪಾಯಿ ಇಲ್ಲ, ತವರಿನ ಮೇಲೆ ಕೇಸ್ ಹಾಕೋಕೆ ಗಂಡ ಕೊಡೋದೂ ಇಲ್ಲ. ಇಲ್ಲಿ ಮನೆ ಆದಾಯ ನೋಡಿ ಅರ್ಹತೆ ತೀರ್ಮಾನ ಮಾಡಿದ್ರೆ ಇವಳು ಮೊದಲ ದಿನವೇ ಹೊರಗೆ. ಕಾನೂನು ನೆರವಲ್ಲಿ ಹೋದ್ರೆ ಲಾಯರ್ ಫೀ ಮಾತ್ರ ಅಲ್ಲ, ಕೋರ್ಟ್ ಫೀ, ಸಮನ್ಸ್ ಕಳ್ಸೋ ಪ್ರೊಸೆಸ್ ಫೀ, ಟೈಪಿಂಗ್, ದೃಢೀಕೃತ ನಕಲು, ಭಾಷಾಂತರ, ಮುಂದೆ ಅಪೀಲಿಗೆ ಹೋದ್ರೆ ಪೇಪರ್ ಬುಕ್ ಖರ್ಚು ಎಲ್ಲಾ ಪ್ರಾಧಿಕಾರದ ಮೇಲೆ. ಕೋರ್ಟಲ್ಲಿ ಗೆದ್ದವನು ಸೋತ ಸೋತವನು ಸತ್ತ ಅಂತ ಗಾದೆ ಹುಟ್ಟಿದ್ದೇ ಈ ಖರ್ಚುಗಳಿಂದ ಅಲ್ವಾ.

ಎಸ್ಸಿ ಎಸ್ಟಿ ಬಾಬ್ತು ಕೂಡ ಹಾಗೇ, ಆದಾಯ ಪ್ರಮಾಣಪತ್ರ ಬೇಡ, ಜಾತಿ ಪ್ರಮಾಣಪತ್ರ ಸಾಕು. ಇಲ್ಲಿ ಜನಕ್ಕೆ ಗೊತ್ತಿಲ್ಲದ ಒಂದು ವಿಷಯ ಅಂದ್ರೆ ಕಾಯ್ದೆಯಲ್ಲಿ "ಕೋರ್ಟ್" ಅಂದ್ರೆ ಸಿವಿಲ್ ಕ್ರಿಮಿನಲ್ ಮಾತ್ರ ಅಲ್ಲ, ರೆವಿನ್ಯೂ ಕೋರ್ಟು, ಟ್ರಿಬ್ಯೂನಲ್ಲು, ಅರೆನ್ಯಾಯಿಕ ಅಧಿಕಾರ ಇರೋ ಅಧಿಕಾರಿ ಎಲ್ಲಾ ಸೇರತ್ತೆ. ಹಾಗಾಗಿ ಪಿಟಿಸಿಎಲ್ ಕೇಸ್, ಅಂದ್ರೆ ಸರ್ಕಾರ ಮಂಜೂರು ಮಾಡಿದ್ದ ಜಮೀನು ಯಾರೋ ಕೈ ಸೇರಿ ಅದನ್ನ ವಾಪಸ್ ಪಡೆಯೋ ಕೇಸು, ಎಸಿ ಮುಂದೆ ನಡೀತಿದ್ರೂ ಡಿಸಿ ಮುಂದೆ ಅಪೀಲಲ್ಲಿ ಇದ್ರೂ ಕಾನೂನು ನೆರವು ಕೇಳಬಹುದು. ಎಸಿ ಆಫೀಸಲ್ಲಿ ಲಾಯರ್ ಇಲ್ಲದೆ ತಾವೇ ಕೈಮುಗಿದು ನಿಂತು ವಾಯಿದೆ ಮೇಲೆ ವಾಯಿದೆ ತಗೊಂಡು ಬರೋರಿಗೆ ಇದನ್ನ ಯಾರೂ ಹೇಳಿರಲ್ಲ.

ಪ್ರವಾಹ ಬರದ ಬಾಬ್ತು ಇನ್ನೂ ಕಮ್ಮಿ ಬಳಕೆ ಆಗೋದು ಅಂತ ನನ್ನ ಅನಿಸಿಕೆ. 2018ರಲ್ಲಿ ಕೊಡಗಲ್ಲಿ ಗುಡ್ಡ ಕುಸೀತು, 2019ರಲ್ಲಿ ಬೆಳಗಾವಿ ಬಾಗಲಕೋಟೆ ಕಡೆ ಊರಿಗೆ ಊರೇ ಮುಳುಗಿತು. ಇಂಥ ಕಡೆ ಮನೆ ಹೋಗಿ, ಪರಿಹಾರದ ಪಟ್ಟಿಯಿಂದ ಹೆಸರು ಬಿಟ್ಟುಹೋಗಿ, ಇನ್ಶೂರೆನ್ಸ್ ಕಂಪನಿ ಏನೋ ನೆಪ ಹೇಳಿ ಕ್ಲೇಮ್ ತಳ್ಳಿಹಾಕಿದ್ರೆ, ಆ ಮನುಷ್ಯ ಗಂಡಸಾದ್ರೂ, ಯಾವ ಜಾತಿಯೋನಾದ್ರೂ, ಹತ್ತು ಎಕರೆ ಕಾಫಿ ತೋಟ ಇದ್ದವನಾದ್ರೂ ಅರ್ಹ. ತೋಟ ಇದ್ದಿದ್ದು ನಿನ್ನೆ, ಇವತ್ತು ಮಣ್ಣಿನ ಕೆಳಗಿದೆ.

ಈಗ ಆದಾಯದ ಬಾಬ್ತು, ಮೇಲಿನ ಯಾವುದಕ್ಕೂ ಸೇರದ ಗಂಡಸರಿಗೆ ಉಳಿದಿರೋ ಮುಖ್ಯ ಬಾಗಿಲು ಇದೊಂದೇ. ಮೂಲ ಕಾಯ್ದೆಯಲ್ಲಿ ಬರೆದಿರೋ ಮಿತಿ ವರ್ಷಕ್ಕೆ 9,000 ರೂಪಾಯಿ! ತಿಂಗಳಿಗೆ 750. ಅದೃಷ್ಟಕ್ಕೆ "ಅಥವಾ ರಾಜ್ಯ ಸರ್ಕಾರ ಗೊತ್ತು ಮಾಡೋ ಹೆಚ್ಚಿನ ಮೊತ್ತ" ಅಂತ ಸೇರಿಸಿದ್ರು, ಅದರ ಮೇಲೆ ಕರ್ನಾಟಕದಲ್ಲಿ ಈಗ 3 ಲಕ್ಷ. ಬೇರೆ ರಾಜ್ಯಗಳಲ್ಲಿ ಬೇರೆ ಬೇರೆ ಇದೆ, ಕೆಲವು ಕಡೆ ಇನ್ನೂ 1 ಲಕ್ಷದಲ್ಲೇ ನಿಂತಿದೆ. ಸುಪ್ರೀಂ ಕೋರ್ಟಲ್ಲಿ ಇರೋ ಕೇಸಿಗೆ ಕೇಂದ್ರ ಸರ್ಕಾರ ಇಟ್ಟಿರೋ ಮಿತಿ 5 ಲಕ್ಷ. ಇದನ್ನ ಸಾಬೀತು ಮಾಡೋಕೆ ನಾಡಕಚೇರಿಗೆ ಅಲೆದು ಆದಾಯ ಪ್ರಮಾಣಪತ್ರ ತರಲೇಬೇಕು ಅಂತ ಕೌಂಟರಲ್ಲಿ ಹೇಳಬಹುದು, ಆದ್ರೆ 13ನೇ ಸೆಕ್ಷನ್ ಹೇಳೋದು ಏನಂದ್ರೆ ಅರ್ಜಿದಾರ ತನ್ನ ಆದಾಯದ ಬಗ್ಗೆ ಅಫಿಡವಿಟ್ ಕೊಟ್ರೆ ಅದನ್ನೇ ಸಾಕು ಅಂತ ಪರಿಗಣಿಸಬಹುದು, ಅದನ್ನ ನಂಬದೇ ಇರೋಕೆ ಪ್ರಾಧಿಕಾರಕ್ಕೆ ಕಾರಣ ಇದ್ರೆ ಮಾತ್ರ ಬೇರೆ ಮಾತು. ಸುಳ್ಳು ಅಫಿಡವಿಟ್ ಮಾತ್ರ ಕೊಡೋಕೆ ಹೋಗ್ಬೇಡಿ, ಗೊತ್ತಾದ್ರೆ ಅರ್ಧ ಕೇಸಲ್ಲಿ ನೆರವು ವಾಪಸ್ ತಗೋತಾರೆ.

ನನ್ನ ತಕರಾರು ಇರೋದೇ ಇಲ್ಲಿ. 3 ಲಕ್ಷ ಅಂದ್ರೆ ತಿಂಗಳಿಗೆ 25,000. ಬೆಂಗಳೂರಲ್ಲಿ 28,000 ಸಂಬಳಕ್ಕೆ ಅಂಗಡಿಯಲ್ಲಿ ಕೆಲಸ ಮಾಡೋ ಗಂಡಸು, ಬಾಡಿಗೆ, ಮಕ್ಕಳ ಫೀಸು, ಊರಲ್ಲಿರೋ ಅಪ್ಪ ಅಮ್ಮನ ಔಷಧಿ ಕಳೆದು ಕೈಯಲ್ಲಿ ಉಳಿಯೋದು ಸೊನ್ನೆ, ಅವನ ಮೇಲೆ ಚೆಕ್ ಬೌನ್ಸ್ ಕೇಸ್ ಬಿತ್ತು ಅಥವಾ ಅಡ್ವಾನ್ಸ್ ವಾಪಸ್ ಕೊಡದ ಮನೆ ಮಾಲೀಕನ ಮೇಲೆ ಕೇಸ್ ಹಾಕ್ಬೇಕು ಅಂದ್ರೆ ಅವನು ಕಾಯ್ದೆ ಕಣ್ಣಲ್ಲಿ ಶ್ರೀಮಂತ. ಊರಲ್ಲಿ 24,000ಕ್ಕೆ ಸ್ವಂತ ಮನೆಯಲ್ಲಿ ನೆಮ್ಮದಿಯಾಗಿ ಇರೋನು ಅರ್ಹ. ಒಂದೇ ಮೊತ್ತ ಇಡೀ ರಾಜ್ಯಕ್ಕೆ ಇಟ್ರೆ ಹೀಗೇ ಆಗೋದು. ಹೆಂಗಸರಿಗೆ ಯಾಕೆ ಕೊಡ್ತಾರೆ ಅಂತ ಜಗಳ ಆಡೋ ಗಂಡಸರು ಅದರ ಬದಲು ಈ ಮಿತಿ ಏರಿಸಿ ಅಂತ ಕೇಳಿದ್ರೆ ಅವರಿಗೇ ಲಾಭ ಇತ್ತು, ಅದನ್ನ ಯಾರೂ ಕೇಳ್ತಿಲ್ಲ.

"ಕೈಗಾರಿಕಾ ಕಾರ್ಮಿಕ" ಅನ್ನೋ ಬಾಬ್ತಲ್ಲೂ ಹೀಗೇ ಒಂದು ತೂತಿದೆ. ಫ್ಯಾಕ್ಟರಿಯಲ್ಲಿ ಕೆಲಸ ಮಾಡೋನಿಗೆ ಆದಾಯದ ಮಿತಿ ಇಲ್ಲ, ಸರಿ. ಫುಡ್ ಡೆಲಿವರಿ ಹುಡುಗನನ್ನ ಕಂಪನಿ ನೌಕರ ಅಂತಾನೇ ಕರೆಯಲ್ಲ, "ಪಾರ್ಟ್ನರ್" ಅಂತೆ. ದಿನಕ್ಕೆ ಹದಿನಾಲ್ಕು ಗಂಟೆ ಗಾಡಿ ಓಡಿಸಿ 26,000 ಮಾಡಿದ್ರೆ ಆದಾಯದ ಬಾಬ್ತಲ್ಲಿ ಹೊರಗೆ, ಕಾರ್ಮಿಕ ಅನ್ನೋ ಬಾಬ್ತಲ್ಲಿ ಒಳಗೋ ಹೊರಗೋ ಅಂತ ವಾದ ಮಾಡೋಕೇ ಒಬ್ಬ ಲಾಯರ್ ಬೇಕು. ಪೆಟ್ರೋಲು ಗಾಡಿ ಕಂತು ಕಳೆದ್ಮೇಲೆ ಉಳಿಯೋದನ್ನ ಮಾತ್ರ ಆದಾಯ ಅಂತ ಲೆಕ್ಕ ಹಾಕಿ ಅಫಿಡವಿಟ್ ಮಾಡಿಸಿ ಅನ್ನೋದು ನನ್ನ ಸಲಹೆ, ಒಟ್ಟು ಬಂದಿದ್ದೆಲ್ಲಾ ಆದಾಯ ಆಗೋದು ಹೇಗೆ? ಖರ್ಚಿನ ಲೆಕ್ಕವನ್ನ ಅದರಲ್ಲೇ ಮುಚ್ಚುಮರೆ ಇಲ್ಲದೆ ಬರೆದುಬಿಡಿ.

ಕಸ್ಟಡಿ ಬಾಬ್ತು ಅಂದ್ರೆ ಜೈಲು ಮಾತ್ರ ಅಲ್ಲ, ಪೊಲೀಸ್ ಲಾಕಪ್ಪು, ಬಾಲಮಂದಿರ, ರಕ್ಷಣಾ ಗೃಹ, ಮಾನಸಿಕ ಆಸ್ಪತ್ರೆ ಎಲ್ಲಾ ಸೇರತ್ತೆ. ಇದರಲ್ಲಿ ನಂಗೆ ತುಂಬಾ ಮುಖ್ಯ ಅನ್ಸೋದು 1986ರ ಸುಕ್ ದಾಸ್ ಕೇಸು. ಅರುಣಾಚಲದ ಕೇಸದು, ಆರೋಪಿಗೆ ಲಾಯರೇ ಇಲ್ಲದೆ ವಿಚಾರಣೆ ನಡೆದು ಶಿಕ್ಷೆ ಆಗೋಗಿತ್ತು. ಅವನು ಕೇಳಲಿಲ್ಲ ಅದಕ್ಕೆ ಕೊಡಲಿಲ್ಲ ಅನ್ನೋ ಸಮಜಾಯಿಷಿಯನ್ನ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ, ಹಕ್ಕು ಇದೆ ಅಂತ ಗೊತ್ತಿಲ್ಲದೋನು ಕೇಳೋದು ಹೇಗೆ, ತಿಳಿಸೋದು ಜಡ್ಜ್ ಕರ್ತವ್ಯ ಅಂತ ಶಿಕ್ಷೆಯನ್ನೇ ರದ್ದು ಮಾಡ್ತು. ಅಂದ್ರೆ ಕ್ರಿಮಿನಲ್ ಕೇಸಲ್ಲಿ ಬಂಧನದಲ್ಲಿ ಇರೋರು ಅರ್ಜಿ ಹಾಕಿಲ್ಲ ಅನ್ನೋದು ಕಾರಣವೇ ಅಲ್ಲ. ಜಾಮೀನು ಸಿಕ್ಕೂ ಶ್ಯೂರಿಟಿ ಕೊಡೋರಿಲ್ಲದೆ ಒಳಗೇ ಕೊಳೆಯೋರ ಬಗ್ಗೆ 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟಿಂದ ಬಂದ ನಿರ್ದೇಶನ ಇದೆ: ಜಾಮೀನು ಆದೇಶ ಆಗಿ 7 ದಿನ ಆದ್ರೂ ಬಿಡುಗಡೆ ಆಗಿಲ್ಲ ಅಂದ್ರೆ ಜೈಲು ಸೂಪರಿಂಟೆಂಡೆಂಟ್ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸ್ಬೇಕು, ಅವರು ಯಾರನ್ನಾದ್ರೂ ಕಳ್ಸಿ ವಿಚಾರಿಸ್ಬೇಕು. ಮನೆಯವರು ಯಾರಾದ್ರೂ ಒಳಗಿದ್ರೆ ಈ 7 ದಿನದ ಲೆಕ್ಕ ನೀವೇ ಇಟ್ಕೊಂಡು ಪ್ರಾಧಿಕಾರದ ಆಫೀಸಿಗೆ ಹೋಗಿ ಹೇಳಿ, ಅವರಾಗೇ ಬರ್ಲಿ ಅಂತ ಕಾಯ್ಬೇಡಿ.

ಇಷ್ಟೆಲ್ಲಾ ಅರ್ಹತೆ ಇದ್ರೂ ಒಂದು ಜರಡಿ ಉಳಿದಿದೆ. 13ನೇ ಸೆಕ್ಷನ್ ಪ್ರಕಾರ ಮೇಲ್ನೋಟಕ್ಕೆ ಕೇಸಲ್ಲಿ ಹುರುಳಿದೆ ಅಂತ ಪ್ರಾಧಿಕಾರಕ್ಕೆ ಅನ್ನಿಸ್ಬೇಕು. ಇದು ಬೇಕು, ಇಲ್ಲಾಂದ್ರೆ ಪಕ್ಕದ ಮನೆಯೋರ ಮೇಲಿನ ಹಠಕ್ಕೆ ಸರ್ಕಾರದ ದುಡ್ಡಲ್ಲಿ ಕೇಸ್ ಹಾಕೋರು ಸಾಲು ನಿಲ್ತಾರೆ. ಆದ್ರೆ "ಹುರುಳಿಲ್ಲ" ಅನ್ನೋದು ಟೇಬಲ್ ಹಿಂದೆ ಕೂತೋರಿಗೆ ಸುಲಭವಾಗಿ ಸಿಗೋ ನೆಪನೂ ಹೌದು. ಬಾಯಲ್ಲಿ ಹೇಳಿ ಕಳ್ಸಿದ್ರೆ ಒಪ್ಕೋಬೇಡಿ, ಅರ್ಜಿ ಲಿಖಿತವಾಗಿ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸ್ಕೊಳ್ಳಿ. ನಾಲ್ಸಾ, ಅಂದ್ರೆ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ 2010ರ ನಿಯಮಾವಳಿ ಪ್ರಕಾರ ಅರ್ಜಿ ಮೇಲೆ 7 ದಿನದೊಳಗೆ ತೀರ್ಮಾನ ಆಗ್ಬೇಕು, ತಿರಸ್ಕಾರ ಮಾಡಿದ್ರೆ ಪ್ರಾಧಿಕಾರದ ಅಧ್ಯಕ್ಷರಿಗೆ ಮೇಲ್ಮನವಿ ಹಾಕೋ ಅವಕಾಶ ಇದೆ. ಜಿಲ್ಲಾ ಮಟ್ಟದಲ್ಲಿ ಅಧ್ಯಕ್ಷರು ಅಂದ್ರೆ ಜಿಲ್ಲಾ ನ್ಯಾಯಾಧೀಶರೇ.

ಫ್ರೀ ಲಾಯರ್ ಅಂದ್ರೆ ಕಾಟಾಚಾರದ ಲಾಯರ್ ಅನ್ನೋ ಮಾತು ಸುಳ್ಳು ಅಂತ ನಾನು ಹೇಳಲ್ಲ. ಮಧ್ಯಪ್ರದೇಶದ ಅನೋಖಿಲಾಲ್ ಕೇಸ್ ನೋಡಿ, ಕಾನೂನು ನೆರವಿನ ವಕೀಲರನ್ನ ನೇಮಿಸಿದ ದಿನವೇ ಚಾರ್ಜ್ ಫ್ರೇಮ್ ಮಾಡಿದ್ರು, ವಿಚಾರಣೆ ಎರಡು ವಾರದೊಳಗೆ ಮುಗಿದು ಗಲ್ಲು ಶಿಕ್ಷೆ ಆಯ್ತು. ಆ ವಕೀಲರಿಗೆ ಫೈಲ್ ಓದೋಕೆ ಟೈಮೇ ಸಿಗಲಿಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಶಿಕ್ಷೆ ರದ್ದು ಮಾಡಿ ಹೊಸದಾಗಿ ವಿಚಾರಣೆ ಮಾಡಿ ಅಂತು, ಜೀವಾವಧಿ ಅಥವಾ ಗಲ್ಲು ಆಗಬಹುದಾದ ಕೇಸಿಗೆ ಕನಿಷ್ಠ ಹತ್ತು ವರ್ಷ ಪ್ರಾಕ್ಟೀಸ್ ಇರೋ ವಕೀಲರನ್ನೇ ನೋಡ್ಬೇಕು, ತಯಾರಿಗೆ ಸಾಮಾನ್ಯವಾಗಿ ಕನಿಷ್ಠ 7 ದಿನ ಕೊಡ್ಬೇಕು ಅಂತಾನೂ ಹೇಳ್ತು. 2022ರಿಂದ ಕ್ರಿಮಿನಲ್ ಕೇಸಿಗೆ ಜಿಲ್ಲೆಗಳಲ್ಲಿ ಬೇರೆ ವ್ಯವಸ್ಥೆ ಬರ್ತಿದೆ, ಕಾನೂನು ನೆರವು ಅಭಿರಕ್ಷಕರು ಅಂತ. ಇವರು ಕೇಸಿಗಿಷ್ಟು ಅಂತ ತಗೊಳ್ಳೋ ಪ್ಯಾನಲ್ ವಕೀಲರ ಹಾಗಲ್ಲ, ತಿಂಗಳ ಸಂಭಾವನೆ ಮೇಲೆ ಪೂರ್ತಿ ಟೈಮ್ ಇದೇ ಕೆಲಸ, ಖಾಸಗಿ ಕೇಸ್ ತಗೊಳ್ಳೋ ಹಾಗಿಲ್ಲ. ವ್ಯವಸ್ಥೆ ಒಳ್ಳೇದೇ, ಸಿವಿಲ್ ಕಡೆಗೆ ಇಂಥದ್ದು ಯಾವಾಗ ಬರತ್ತೋ, ಜೀವನಾಂಶ, ಪಾಲು, ಬಾಡಿಗೆ ಕೇಸುಗಳೆಲ್ಲಾ ಇನ್ನೂ ಪ್ಯಾನಲ್ ಲೆಕ್ಕದಲ್ಲೇ ನಡೀತಿದೆ.

ಎಲ್ಲಿಗೆ ಹೋಗೋದು ಅನ್ನೋದು ಸುಲಭ. ತಾಲೂಕು ಕೋರ್ಟ್ ಆವರಣದಲ್ಲೇ ತಾಲೂಕು ಕಾನೂನು ಸೇವಾ ಸಮಿತಿ ಇರತ್ತೆ, ಜಿಲ್ಲಾ ಕೋರ್ಟಲ್ಲಿ ಜಿಲ್ಲಾ ಪ್ರಾಧಿಕಾರ, ಹೈಕೋರ್ಟ್ ಕೇಸಿಗೆ ಬೆಂಗಳೂರು, ಧಾರವಾಡ, ಕಲಬುರಗಿ ಮೂರೂ ಕಡೆ ಹೈಕೋರ್ಟ್ ಕಾನೂನು ಸೇವಾ ಸಮಿತಿ. ಹೋಗೋಕೆ ಆಗಲ್ಲ ಅಂದ್ರೆ 15100ಗೆ ಫೋನ್ ಮಾಡಿ. ಓದೋಕೆ ಬರೆಯೋಕೆ ಬರದೇ ಇದ್ರೆ ಹೇಳಿದ್ದನ್ನ ಅವರೇ ಬರ್ಕೋಬೇಕು, ಅರ್ಜಿ ಬರೆಸೋಕೆ ಹೊರಗಡೆ ಯಾರಿಗೂ ದುಡ್ಡು ಕೊಡ್ಬೇಡಿ. 3 ಲಕ್ಷ ದಾಟಿದ ಗಂಡಸರಿಗೂ ಎರಡು ದಾರಿ ತೆರೆದಿದೆ: ಲೋಕ ಅದಾಲತ್ತಿಗೆ ಯಾವ ಆದಾಯ ಮಿತಿಯೂ ಇಲ್ಲ, ಕೇಸ್ ಹಾಕೋಕೂ ಮುಂಚೆ ಅಲ್ಲಿಗೆ ಹೋಗಬಹುದು, ರಾಜಿ ಆದ್ರೆ ಮೊದಲೇ ಕಟ್ಟಿರೋ ಕೋರ್ಟ್ ಫೀ ವಾಪಸ್ ಬರತ್ತೆ, ಆದ್ರೆ ಆಮೇಲೆ ಅಪೀಲ್ ಇಲ್ಲ ಅನ್ನೋದು ಗೊತ್ತಿದ್ದೇ ಸೈನ್ ಹಾಕಿ. ಇನ್ನೊಂದು ಟೆಲಿ ಲಾ, ಕಾಮನ್ ಸರ್ವಿಸ್ ಸೆಂಟರಿಂದ ವಕೀಲರ ಹತ್ರ ಫೋನಲ್ಲಿ ವೀಡಿಯೋದಲ್ಲಿ ಮಾತಾಡಿ ಸಲಹೆ ತಗೊಳ್ಳೋದು, ಸಲಹೆ ಮಾತ್ರ, ಕೋರ್ಟಿಗೆ ಯಾರೂ ಬರಲ್ಲ.

ನೇಮಕ ಆದ ವಕೀಲರು "ಟೈಪಿಂಗಿಗೆ ಐನೂರು ಕೊಡಿ, ಬೆಂಚ್ ಕ್ಲರ್ಕಿಗೆ ಏನಾದ್ರೂ ನೋಡಿ" ಅಂದ್ರೆ ಕೊಡ್ಬೇಡಿ. ಪ್ಯಾನಲ್ ವಕೀಲರು ಕಕ್ಷಿದಾರರಿಂದ ಯಾವ ರೂಪದಲ್ಲೂ ದುಡ್ಡು ತಗೊಳ್ಳೋ ಹಾಗಿಲ್ಲ, ಕೇಳಿದ್ರೆ ಪ್ರಾಧಿಕಾರದ ಕಾರ್ಯದರ್ಶಿಗೆ ಒಂದು ಪುಟದ ದೂರು ಬರೆದು ವಕೀಲರನ್ನ ಬದಲಾಯಿಸಿ ಕೊಡಿ ಅಂತ ಅದರಲ್ಲೇ ಕೇಳಿ. ಪಟ್ಟಿಯಲ್ಲಿ ನಿಮಗೆ ಗೊತ್ತಿರೋ ಒಳ್ಳೇ ವಕೀಲರ ಹೆಸರಿದ್ರೆ ಅವರನ್ನೇ ಕೊಡಿ ಅಂತ ಮೊದಲ ಅರ್ಜಿಯಲ್ಲೇ ಬರೆಯಬಹುದು, ಕೊಡಲೇಬೇಕು ಅಂತಿಲ್ಲ, ಪರಿಗಣಿಸ್ತಾರೆ. ಆದ್ರೆ ಪ್ರಾಧಿಕಾರಕ್ಕೆ ಹೇಳದೆ ನೀವಾಗೇ ಹೊರಗಡೆ ಇನ್ನೊಬ್ಬ ಲಾಯರಿಗೆ ವಕಾಲತ್ತು ಸೈನ್ ಮಾಡಿ ಕೊಟ್ಟುಬಿಟ್ರೆ ಆ ಕೇಸಿಗೆ ನೆರವು ಅಲ್ಲಿಗೇ ನಿಲ್ಲಬಹುದು.